ರಸ್ತೆಯ ಬಾಜು ಒಂದು ಮಾರು ಜಾಗ

ಧಾರವಾಡ
ಬುಧವಾರ, ೧೯ ನವೆಂಬರ್ ೨೦೨೫

ಪ್ರೀತಿಯ ಮಲ್ಲಿಕಾ,

ಇಪ್ಪತ್ತೆಂಟು ವರ್ಷದ ಮೇಲೆ ನಿನಗೆ ಕಾಗದ ಬರೆಯಲು ಕೂತಿದ್ದೇನೆ. ಆಫೀಸಿನ ಕನ್ನಡ ಬರೆದು ಬರೆದು ನನ್ನ ಕೈ ಮರಗಟ್ಟಿದೆ. ನಡುವೆ ಎಲ್ಲಿಯಾದರೂ 'ಸದರಿ', 'ಮೇಲ್ಕಂಡಂತೆ' ಅಂತ ಬಂದರೆ ನಕ್ಕು ಮುಂದೆ ಓದು.

ನಿನ್ನೆ ಸಂಜೆ ಫೋನಿನಲ್ಲಿ ನಾನು ಹೇಳಿದ್ದು ಒಂದೇ ಮಾತು, "ಸಹಿ ಆತು." ಹಿಂದೆ ನೀನು ನಡೆಸುವ ಊರ ಗ್ರಂಥಾಲಯದಲ್ಲಿ ಹುಡುಗರ ಗದ್ದಲ ಕೇಳುತ್ತಿತ್ತು. ಆಮೇಲೆ "ಖರೇನ, ಶುಭಾ?" ಅಂದಿ. ಫೋನ್ ಇಟ್ಟ ಮೇಲೆ ನಳದ ಹತ್ತಿರ ಹೋಗಿ ಮುಖ ತೊಳೆದುಕೊಂಡು ಬಂದೆ. ಎರಡು ವರ್ಷದಿಂದ ಎದೆಯ ಮೇಲೆ ಕೂತಿದ್ದ ಕಲ್ಲನ್ನು ಯಾರೋ ಎತ್ತಿಟ್ಟ ಹಾಗಾಗಿತ್ತು.

ಖರೇ, ಮಲ್ಲಿಕಾ. ಆದೇಶದ ಪ್ರತಿ ಇದರ ಜೊತೆಗಿದೆ. ನಮ್ಮ ಕರಿಕೊಪ್ಪದ ಬಸ್ ಸ್ಟ್ಯಾಂಡಿನಿಂದ ಸಂಶಿಯ ಹೈಸ್ಕೂಲಿನವರೆಗೆ ಆರು ಕಿಲೋಮೀಟರ್, ಡಾಂಬರಿನ ಎರಡೂ ಬಾಜು ಒಂದೊಂದು ಮಾರು ಅಗಲದ ಗಟ್ಟಿ ಹಾದಿ. ಸೈಕಲ್ಲಿಗೆ ಮತ್ತು ನಡೆದು ಹೋಗುವವರಿಗೆ ಮಾತ್ರ. ರಸ್ತೆಗೆ ಚಾಚಿದ ಜಾಲಿ ಕಂಟಿಯನ್ನೆಲ್ಲ ಕಡಿಯಬೇಕು, ಹಳ್ಳದ ಸೇತುವೆಗೆ ಕಂಬಿ ಹಾಕಬೇಕು. ಎರಡನೆಯ ಪುಟವನ್ನು ನಿಧಾನವಾಗಿ ಓದು. ಇನ್ನು ಮುಂದೆ ಹೈಸ್ಕೂಲಿರುವ ಊರಿಗೆ ಹೋಗುವ ಯಾವ ರಸ್ತೆ ಮಾಡಿದರೂ ಅಂದಾಜು ಪಟ್ಟಿಯಲ್ಲಿ ಸೈಕಲ್ ಹಾದಿ ತೋರಿಸಬೇಕು, ತೋರಿಸದಿದ್ದರೆ ಯಾಕಿಲ್ಲ ಅಂತ ಬರೆಯಬೇಕು. ನೀನು ಕರಿಕೊಪ್ಪಕ್ಕೆ ಕೇಳಿದ್ದಿ, ಬೇರೆ ಊರುಗಳಿಗೂ ಸಿಕ್ಕಿತು. ಹುಡುಗರಿಗೆ ಸರ್ಕಾರದ ಸೈಕಲ್ ಕೊಡುವುದನ್ನು ಮತ್ತೆ ಶುರು ಮಾಡಬೇಕೆಂಬ ನಿನ್ನ ಕಡೆಯ ಬೇಡಿಕೆ ಮಾತ್ರ ನಮ್ಮ ಕೈಯಲ್ಲಿಲ್ಲ. ಶಿಫಾರಸು ಬರೆದು ಮೇಲಕ್ಕೆ ಕಳಿಸಿದ್ದೇವೆ, ಉತ್ತರ ಬಂದಿಲ್ಲ. ಅದಕ್ಕೆ ನಿನ್ನ ಚಪ್ಪಲಿ ಇನ್ನೂ ಸವೆಯಬೇಕು.

ಇಷ್ಟನ್ನು ಫೋನಿನಲ್ಲೇ ಹೇಳಬಹುದಿತ್ತು. ಉಳಿದದ್ದನ್ನು ಹೇಳಲು ಆಗುವುದಿಲ್ಲ. ನಾನು ಬಾಯಿ ತೆರೆದ ಕೂಡಲೇ ನೀನು "ಇರಲಿ ಬಿಡು" ಅಂದುಬಿಡುತ್ತೀ, ನಾನೂ ಬಿಟ್ಟುಬಿಡುತ್ತೇನೆ. ಅದಕ್ಕೇ ಈ ಕಾಗದ.

ಜಿಲ್ಲಾ ಪಂಚಾಯತಿಯ ರಸ್ತೆ ವಿಭಾಗಕ್ಕೆ ನೀನು ಕೊಟ್ಟ ಮೊದಲ ಅರ್ಜಿ ಬಂದದ್ದು ನನ್ನ ಮೇಜಿಗೆ. ಎರಡು ವರ್ಷದ ಹಿಂದೆ, ಜೂನ್ ತಿಂಗಳು. ಗೆರೆ ಹೊಡೆದ ಹಾಳೆಯಲ್ಲಿ ನಿನ್ನ ದುಂಡನೆಯ ಅಕ್ಷರ, ಕೆಳಗೆ ನಲವತ್ತು ಹುಡುಗರ ಸಹಿ. ಬಸ್ಸು ಊರಿಗೆ ಬರುವುದು ಹತ್ತೂ ನಲವತ್ತಕ್ಕೆ, ಸಾಲಿ ಗಂಟೆ ಹೊಡೆಯುವುದು ಅದಕ್ಕೂ ಮೊದಲು. ಸೈಕಲ್ ಮೇಲೆ ಹೋಗೋಣವೆಂದರೆ ಲಾರಿ ಬಂದಾಗ ಇಳಿಯಲು ಜಾಗವಿಲ್ಲ, ಇಳಿದರೆ ಗಾಲಿ ಹುಗಿಯುವ ಎರಿ ಮಣ್ಣು. ಏಳನೇತ್ತೆ ಮುಗಿಸಿದ ಒಂಬತ್ತು ಹೆಣ್ಣುಮಕ್ಕಳು ಈ ವರ್ಷ ಮನೆಯಲ್ಲೇ ಉಳಿದಿದ್ದಾರೆ ಅಂತ ಬರೆದಿದ್ದಿ. ಅದಕ್ಕೆ ಹೋದ ಹಿಂಬರಹ ನಿನಗೆ ಬಾಯಿಪಾಠ ಇದ್ದೀತು: 'ಪ್ರಸಕ್ತ ಸಾಲಿನಲ್ಲಿ ಅನುದಾನ ಲಭ್ಯವಿಲ್ಲದ ಕಾರಣ ಸದರಿ ಅರ್ಜಿಯನ್ನು ವಿಲೇ ಮಾಡಲಾಗಿದೆ.' ಸಹಿ ಸಾಹೇಬರದು. ಬರೆದವಳು ನಾನು.

ಅವತ್ತು ಟಪಾಲು ಬಹಳವಿತ್ತು, ಹೆಸರು ನೋಡಲಿಲ್ಲ ಅಂತ ನನಗೆ ನಾನೇ ಬಹಳ ದಿನ ಹೇಳಿಕೊಂಡೆ. ಸುಳ್ಳು. ನೋಡಿದ್ದೆ. ಎರಡು ಸಲ ಓದಿದ್ದೆ. ನೀನು ಊರಲ್ಲೇ ಉಳಿದವಳು, ನಾನು ಓದಿ ಮುಂದೆ ಬಂದವಳು ಅಂತ ಮನಸ್ಸಿನ ಮೂಲೆಯಲ್ಲಿ ಒಂದು ಸಮಾಧಾನ ಇಟ್ಟುಕೊಂಡಿದ್ದೆ. ಆಫೀಸಿನಲ್ಲಿ ಯಾರಾದರೂ ಬೈದ ದಿನ ಅದನ್ನು ತೆಗೆದು ನೋಡಿಕೊಳ್ಳುತ್ತಿದ್ದೆ. ಆ ಅರ್ಜಿಯಲ್ಲಿ ನಿನ್ನ ಹೆಸರಿನ ಹಿಂದೆ ನಲವತ್ತು ಮಕ್ಕಳು ನಿಂತಿದ್ದರು. ನನ್ನ ಹಿಂದೆ ಗೋಡೆ ಬಿಟ್ಟರೆ ಯಾರೂ ಇರಲಿಲ್ಲ. ಹೊಟ್ಟೆಕಿಚ್ಚು ಅಂದರೂ ನಡೆಯುತ್ತದೆ. ನಾಲ್ಕು ನಿಮಿಷದಲ್ಲಿ ಬರೆದು ಮುಗಿಸಿದೆ.

ಮರುವರ್ಷ ನೀನು ಎರಡನೆಯ ಅರ್ಜಿ ಹಿಡಿದು ಆಫೀಸಿಗೇ ಬಂದಿ. ಜೊತೆಗೆ ಹನ್ನೊಂದು ಹುಡುಗಿಯರು, ಎಲ್ಲರೂ ಎಣ್ಣೆ ಹಚ್ಚಿ ಎರಡು ಜಡೆ ಹಾಕಿಕೊಂಡಿದ್ದರು. ಬಾಗಿಲಲ್ಲಿ ನಿಂತು ನನ್ನನ್ನು ನೋಡಿದ ಕೂಡಲೇ ನಿನ್ನ ಮುಖ ಅರಳಿತು. ನಾನು ಏನಂದೆ? "ಬರ್ರಿ. ಅರ್ಜಿ ಟಪಾಲಿನ್ಯಾಗ ಕೊಟ್ಟು ಹೋಗ್ರಿ." ನಿನ್ನ ಮುಖ ಹಾಗೇ ನಿಂತಿತು. "ಹೌದ್ರಿ ಮೇಡಮ್" ಅಂದಿ. ಬಾಜು ಕೂತವರು, ಗುರುತಿನವರೇನ್ರಿ ಅಂತ ಕೇಳಿದರು. ನಮ್ಮೂರ ಕಡೆಯವರು ಅಂದೆ. ನೀವೆಲ್ಲ ನಾಲ್ಕು ಗಂಟೆಯವರೆಗೆ ವರಾಂಡದಲ್ಲಿ ಸಾಹೇಬರ ದಾರಿ ಕಾದು ಕೂತಿದ್ದಿರಿ. ಊಟಕ್ಕೆ ಹೋಗಬೇಕಾದರೆ ನಿಮ್ಮ ಮುಂದೆಯೇ ಹೋಗಬೇಕಿತ್ತು. ನಾನು ಊಟಕ್ಕೆ ಹೋಗಲಿಲ್ಲ. ಅವತ್ತು ನಾನು ಪಟ್ಟ ಕಷ್ಟ ಅಷ್ಟೇ.

ಅದಕ್ಕಿಂತ ಹಳೆಯದೊಂದಿದೆ. ನಮ್ಮ ಅಪ್ಪ ಮಾಸ್ತರಿಕೆಯ ಸಂಬಳದಲ್ಲಿ ಕೊಡಿಸಿದ ಸೈಕಲ್ ಮೇಲೆ ನಾವಿಬ್ಬರೂ ಸಂಶಿಗೆ ಹೋಗಿ ಬರುತ್ತಿದ್ದೆವಲ್ಲ, ಹೋಗುವಾಗ ನೀನು ತುಳಿಯುತ್ತಿದ್ದಿ, ಬರುವಾಗ ನಾನು. ಊರು ಬಂದ ಮೇಲೆ ನಮ್ಮ ಓಣಿ ತಿರುವಿನಲ್ಲಿ ನಿನ್ನನ್ನು ಇಳಿಸಿಬಿಡುತ್ತಿದ್ದೆ. ನೀನು ಯಾಕಂತ ಕೇಳಲಿಲ್ಲ, ನಾನೂ ಹೇಳಲಿಲ್ಲ. ಕಟ್ಟೆಯ ಮೇಲೆ ನಮ್ಮ ಅಜ್ಜಿ ಕೂತಿರುತ್ತಿದ್ದಳು. ಕೇರಿಯ ಗುಡದಪ್ಪಕಾಕಾನ ಮಗಳಾದ ನೀನು ನಮ್ಮ ಬಾಗಿಲವರೆಗೆ ಬರುವುದು ಅವಳಿಗೆ ಸೇರುತ್ತಿರಲಿಲ್ಲ. ಅಜ್ಜಿ ಹೋಗಿ ಇಪ್ಪತ್ತು ವರ್ಷವಾಯಿತು. ಆಫೀಸಿನ ಬಾಗಿಲಲ್ಲಿ ನಿನ್ನನ್ನು ಇಳಿಸಿದ್ದಕ್ಕೆ ಅಜ್ಜಿಯ ಹೆಸರು ಹೇಳಲು ಬರುವುದಿಲ್ಲ.

ಈ ಆಗಸ್ಟಿನಲ್ಲಿ ಮೂರನೆಯ ಅರ್ಜಿ ಬಂತು. ಅದರಲ್ಲಿ ಸಿಟ್ಟಿನ ಒಂದು ಮಾತೂ ಇರಲಿಲ್ಲ. ಒಂಬತ್ತನೇತ್ತೆಯ ಶಿವಗಂಗಾ ಹಳ್ಳದ ತಿರುವಿನಲ್ಲಿ ಲಾರಿಗೆ ದಾರಿ ಬಿಡಲು ಹೋಗಿ ಜಾರಿ ಬಿದ್ದಳು, ಗಾಲಿ ತಲೆಯ ಬಾಜುವಿನಿಂದ ಹೋಯಿತು, ಕೈ ಮುರಿಯಿತು, ಅಪ್ಪ ಸಾಲಿ ಬಿಡಿಸಿದ. ಇಷ್ಟೇ ಬರೆದಿದ್ದಿ. ಜೊತೆಗೆ ಐದು ಪಂಚಾಯತಿಗಳು ಪಾಸು ಮಾಡಿದ ಠರಾವು, ಮಕ್ಕಳ ಗ್ರಾಮಸಭೆಯ ನಡಾವಳಿ, ಮತ್ತೆ ಆ ನೋಟ್‌ಬುಕ್. ಐದು ಪಂಚಾಯತಿ! ಒಂದೊಂದು ಠರಾವಿಗೆ ಎಷ್ಟು ಸದಸ್ಯರ ಮನೆ ಬಾಗಿಲು ತಟ್ಟಿರಬೇಕು, ಎಷ್ಟು ಸಲ ಶಾಸಕರ ಮನೆ ಅಂಗಳದಲ್ಲಿ ಬೆಳಗ್ಗೆ ಆರಕ್ಕೆ ನಿಂತಿರಬೇಕು ಅಂತ ಕಾಗದ ಸರಿಸುವ ನನಗೆ ಗೊತ್ತು.

ನೋಟ್‌ಬುಕ್ಕನ್ನು ನಾನು ಮನೆಗೆ ತಂದೆ. ತರಬಾರದು, ತಂದೆ. ಇಪ್ಪತ್ತೆರಡು ದಿನ ನಿನ್ನ ಹುಡುಗಿಯರು ಇಬ್ಬಿಬ್ಬರಾಗಿ ಹಳ್ಳದ ಬೇವಿನ ಮರದ ಕೆಳಗೆ ಕೂತು ಬರೆದದ್ದು. ಮೂರು ಮನೆ ಹಾಕಿದ್ದರು: ಸೈಕಲ್, ಲಾರಿ, ಇಳಿದವರು. ಒಂದು ಪುಟದ ಅಂಚಿಗೆ 'ಇವತ್ತು ಲಾರಿಯ ಕಾಕಾ ನಿಲ್ಲಿಸಿ ನಮ್ಮನ್ನು ಮುಂದೆ ಬಿಟ್ಟರು' ಅಂತ ಬರೆದು ಕೆಳಗೆ ಗೆರೆ ಎಳೆದಿದ್ದರು. ಇನ್ನೊಂದರಲ್ಲಿ 'ಮಳೆ. ಸೈಕಲ್ ಹೊತ್ತುಕೊಂಡು ಬಂದೆವು. ಮೂವರು ಹಳ್ಳದಿಂದಲೇ ಮನೆಗೆ ತಿರುಗಿದರು.' ನಮ್ಮವರು ಏಕನಾಥ ನನ್ನ ಹೆಗಲ ಮೇಲಿಂದ ಬಗ್ಗಿ ಓದಿ, "ಇದನ್ನ ಸಣ್ಣ ಹುಡುಗ್ಯಾರು ಬರದಾರ?" ಅಂದರು. ಹೌದು ಅಂದೆ. "ಹಂಗಾದ್ರ ದೊಡ್ಡವರು ಏನ ಮಾಡ್ಲಿಕತ್ತಾರ?" ಅಂದರು. ಅವರಿಗೆ ಮೊದಲ ಹಿಂಬರಹದ ಸಂಗತಿ ಗೊತ್ತಿರಲಿಲ್ಲ.

ಒಂದು ಮಾತು ನಿನಗೆ ಆಗ ಗೊತ್ತಿರಲಿಕ್ಕಿಲ್ಲ. ಅದೇ ರಸ್ತೆಗೆ ಮತ್ತೆ ಡಾಂಬರು ಹಾಕಲು ಅಂದಾಜು ಪಟ್ಟಿ ತಯಾರಾಗುತ್ತಿತ್ತು. ಅದು ಮಂಜೂರಾದರೆ ಮುಗಿಯಿತು, ಇನ್ನು ಐದು ವರ್ಷ ಆ ರಸ್ತೆಗೆ ಯಾರೂ ಕೈ ಹಚ್ಚುವುದಿಲ್ಲ. ಉಳಿದದ್ದು ಹತ್ತು ದಿನ. ಸೈಕಲ್ ಹಾದಿ ಸೇರಿದರೆ ಈ ಹತ್ತು ದಿನದಲ್ಲಿ ಸೇರಬೇಕು, ಇಲ್ಲದಿದ್ದರೆ ನಿನ್ನ ಹುಡುಗಿಯರೆಲ್ಲ ದೊಡ್ಡವರಾಗಿ ಅವರವರ ಮನೆ ಸೇರಿರುತ್ತಾರೆ.

ಮರುದಿನ ಆದಿತ್ಯವಾರ ಬಸ್ ಹತ್ತಿ ಸಂಶಿಗೆ ಹೋದೆ. ನಿನಗೆ ತಿಳಿಸಲಿಲ್ಲ. ಸಾಧಿಕ್ ಅಂತ ಒಬ್ಬ ಸೈಕಲ್ ಅಂಗಡಿ ಇಟ್ಟಿದ್ದಾನಲ್ಲ, ಅವನ ಹತ್ತಿರ ಒಂದು ಲೇಡೀಸ್ ಸೈಕಲ್ ಬಾಡಿಗೆಗೆ ಕೇಳಿದೆ. ನನ್ನನ್ನು ಮೇಲಿಂದ ಕೆಳಗೆ ನೋಡಿ, "ಮುಂದಿನ ಬ್ರೇಕ್ ಅಷ್ಟ ಹಿಡಿತೈತ್ರಿ ಅಕ್ಕಾರ, ನೋಡ್ಕೊಂಡು ಹೋಗ್ರಿ" ಅಂದ. ನಲವತ್ತನಾಲ್ಕು ವರ್ಷದ ಹೆಂಗಸು, ಚೂಡಿದಾರದ ಓಢಣಿ ಸೊಂಟಕ್ಕೆ ಕಟ್ಟಿಕೊಂಡು ಹೊರಟೆ. ಮೊದಲ ಎರಡು ಕಿಲೋಮೀಟರ್ ಅಗದಿ ಚಲೋ ಹೋಯಿತು. ಹೆಸರಿನ ಹೊಲ, ಮೋಡ, ತಂಪು ಗಾಳಿ. ನನಗೆ ಹಾಡು ಬರುವಂತಾಗಿತ್ತು ಅಂದರೆ ನಂಬುತ್ತೀಯಾ?

ಹಿಂದಿನಿಂದ ಉಳ್ಳಾಗಡ್ಡಿ ಚೀಲ ಹೇರಿದ ಲಾರಿ ಬಂತು. ಡ್ರೈವರನದು ತಪ್ಪಿಲ್ಲ, ಎದುರಿಗೂ ಒಂದು ಟ್ರ್ಯಾಕ್ಟರ್ ಇತ್ತು. ಬಾಜು ಸರಿಯಬೇಕೆಂದರೆ ಜಾಲಿ ಕಂಟಿ ಮುಖಕ್ಕೆ ಬಂತು, ಕೆಳಗಿಳಿದೆ. ಹಿಂದಿನ ದಿನದ ಮಳೆಗೆ ಎರಿ ಮಣ್ಣು ಬೆಣ್ಣೆಯಾಗಿತ್ತು. ಮುಂದಿನ ಗಾಲಿ ಹುಗಿಯಿತು, ನಾನು ಸೈಕಲ್ ಸಮೇತ ಬಿದ್ದೆ. ಎದ್ದು ದೂಡಿದರೆ ಗಾಲಿ ತಿರುಗಲೊಲ್ಲದು. ಮಡ್‌ಗಾರ್ಡಿನ ಒಳಗೆ ಮಣ್ಣು ಸಿಮೆಂಟಿನ ಹಾಗೆ ತುಂಬಿತ್ತು. ಆರು ಕಿಲೋಮೀಟರಿನ ಪೈಕಿ ಒಂದೇ ಸಲ ಬಿದ್ದವಳು ನಾನು, ರಸ್ತೆಯ ಬಾಜು ಕೂತು ಸಣ್ಣ ಹುಡುಗಿಯ ಹಾಗೆ ಅತ್ತೆ.

ಹೆಸರು ಬಿಡಿಸುತ್ತಿದ್ದ ಒಬ್ಬ ಮುದುಕಿ ಹೊಲದಿಂದ ಎದ್ದು ಬಂದಳು. "ಯಾರ ಪೈಕಿ ಬೇ ನೀ?" ಅಂದಳು. ಮಾಸ್ತರ ಮಗಳು ಅಂದೆ. ಗುರುತು ಹಿಡಿದಳೋ ಇಲ್ಲವೋ, ಒಂದು ಕಟ್ಟಿಗೆ ಚೂರು ಹುಡುಕಿ ತಂದು ಗಾಲಿಯ ಮಣ್ಣು ಕೆರೆಯತೊಡಗಿದಳು. ಕೈ ನಿಲ್ಲಿಸದೆ ಹೇಳಿದಳು, "ನಮ್ಮ ಹುಡುಗ್ರು ದಿನಾ ಬೀಳತಾವ. ನೀ ಒಂದ ದಿನಾ ಬಿದ್ದಿ, ಅಳಬ್ಯಾಡ." ಅವಳು ಬಸವಣ್ಣೆವ್ವ, ಶಿವಗಂಗಾನ ಅಪ್ಪ ಮಾಂತೇಶನ ತಾಯಿ. ಮೊಮ್ಮಗಳು ಹೇಗಿದ್ದಾಳೆ ಅಂತ ಕೇಳಿದೆ. "ಕೈ ಏನೋ ಕೂಡಿತು ಬೇ. ಮುರದ ಸಾಲಿ ಕೂಡಲಿಲ್ಲ" ಅಂದಳು. ಮಗ ಕೆಟ್ಟವನಲ್ಲ, ಹೆದರಿದ್ದಾನೆ, ಗಾಲಿ ತಲೆಯ ಬಾಜುವಿನಿಂದ ಹೋದದ್ದನ್ನು ಕಣ್ಣಾರೆ ಕಂಡವರು ಅವನಿಗೆ ದಿನಾ ವರ್ಣಿಸಿ ಹೇಳುತ್ತಾರೆ ಅಂದಳು. ಸೈಕಲ್ ನನ್ನ ಕೈಗೆ ಕೊಟ್ಟು ಮತ್ತೆ ಹೊಲಕ್ಕಿಳಿದಳು.

ನಾನು ಊರೊಳಗೆ ಬರಲಿಲ್ಲ. ಪಂಚಾಯತಿ ಕಟ್ಟೆಯವರೆಗೆ ಬಂದು ದೂರದಿಂದ ನಿನ್ನ ಗ್ರಂಥಾಲಯದ ಬಾಗಿಲು ನೋಡಿ ತಿರುಗಿದೆ. ಇಷ್ಟು ಮಣ್ಣು ಮೆತ್ತಿಕೊಂಡು, ಏನೂ ಕೆಲಸ ಮಾಡದೆ ನಿನ್ನೆದುರು ಬಂದು ನಿಲ್ಲಲು ಮುಖವಿರಲಿಲ್ಲ.

ಸೋಮವಾರ ಟಿಪ್ಪಣಿ ಬರೆದೆ. ನಾಲ್ಕು ಪುಟ. ಇಪ್ಪತ್ತು ವರ್ಷದ ನೌಕರಿಯಲ್ಲಿ ಮೊದಲ ಸಲ ಕಡತದಲ್ಲಿ 'ಸ್ವತಃ ಸ್ಥಳ ಪರಿಶೀಲಿಸಿದ್ದೇನೆ' ಅಂತ ಬರೆದು ಅದು ನಿಜವೂ ಆಗಿತ್ತು. ನಮ್ಮ ಮೇಲ್ವಿಚಾರಕ ಕುಬೇರಪ್ಪನವರು ಓದಿ ಕನ್ನಡಕ ತೆಗೆದರು. "ಶುಭಾಬಾಯಾರ, ಇದು ನಿಮ್ಮ ಊರಿನ ಕಡತ ಅಲ್ಲೇನ್ರಿ? ನಾಳೆ ಯಾರರ ಬೆರಳು ಮಾಡಿದ್ರ?" ಅಂದರು.

"ಊರು ನಮ್ಮದ ರಿ," ಅಂದೆ. "ಮೊದಲನೇ ಹಿಂಬರಹಾ ಬರದಾಕಿನೂ ನಾನ. ಆವಾಗ ಯಾರೂ ಬೆರಳು ಮಾಡಲಿಲ್ಲ."

ಅವರು ಕನ್ನಡಕ ಮತ್ತೆ ಹಾಕಿಕೊಂಡರು. ನೋಟ್‌ಬುಕ್ ತೆಗೆದು ಮೊದಲಿಂದ ಓದಿದರು. ಚಹಾ ಬಂದು ಆರಿಹೋಯಿತು. ಕಡೆಗೆ ಕಡತಕ್ಕೆ ತಮ್ಮ ಸಹಿ ಹಾಕಿ, ಅಂದಾಜು ಪಟ್ಟಿಯನ್ನು ತಡೆಹಿಡಿದು ಅರ್ಜಿದಾರರನ್ನು ಸಭೆಗೆ ಕರೆಸಿ ಕೇಳಬೇಕು ಅಂತ ಅವರೇ ಒಂದು ಸಾಲು ಸೇರಿಸಿದರು. ನಿನಗೆ ಸಭೆಯ ಪತ್ರ ಬಂದದ್ದು ಹೀಗೆ. ಮೇಲಿನವರ ಪುಣ್ಯ ಅಂತ ನೀನು ಸಭೆಯ ದಿನ ಯಾರಿಗೋ ಹೇಳುತ್ತಿದ್ದಿ. ಪುಣ್ಯವಂತರು ಕುಬೇರಪ್ಪನವರು, ಹೆಸರು ನೆನಪಿಡು.

ಸೆಪ್ಟೆಂಬರಿನಲ್ಲಿ ನಡೆದ ಸಭೆಯಲ್ಲಿ ನಾನು ಹಿಂದೆ ಗೋಡೆಗೆ ಕೂತು ನಡಾವಳಿ ಬರೆಯುತ್ತಿದ್ದೆ. ನೀನು ನನ್ನ ಕಡೆ ನೋಡಲಿಲ್ಲ. ನಿನ್ನ ಬಾಜು ಶಿವಗಂಗಾ, ಅವಳ ಹಿಂದೆ ಮಾಂತೇಶ. ಅವನು ಬಂದದ್ದೇ ನನಗೆ ದೊಡ್ಡ ಆಶ್ಚರ್ಯ. ಹುಡುಗಿ ಇಪ್ಪತ್ತೆರಡು ದಿನದ್ದನ್ನು ಎದ್ದು ನಿಂತು ಓದಿದಳು, ಎಲ್ಲೂ ತಡವರಿಸಲಿಲ್ಲ. ಆಗ ನಮ್ಮ ಎಂಜಿನಿಯರೊಬ್ಬರು, ಈಗ ಸೈಕಲ್ ಯಾರು ಹೊಡೀತಾರ, ಹಳ್ಳಿಯೊಳಗೂ ಮನೆಗೊಂದು ಬೈಕ್ ಐತಿ, ಎರಡು ವರ್ಷಕ್ಕೆ ಆ ಹಾದಿಯ ಮೇಲೆ ಮೆಣಸಿನಕಾಯಿ ಒಣಗಿಸ್ತಾರ ಅಂದರು. ನಾಲ್ಕು ಜನ ನಕ್ಕರು. ನನ್ನ ಪೆನ್ನು ನಿಂತಿತು.

ನೀನು ಎದ್ದು ಸಾವಕಾಶ ಹೇಳಿದಿ, "ಬೈಕ್ ಐತ್ರಿ ಸಾಹೇಬ್ರ. ಅದರ ಕೀಲಿ ಅಪ್ಪನ ಕಿಸೆದಾಗ ಐತಿ. ಹುಡುಗಿ ತನ್ನ ಕೈಲೇ ತಗೊಂಡು ಹೋಗೂದು ಸೈಕಲ್ ಒಂದ."

ದೊಡ್ಡ ಸಾಹೇಬರು ಮಾಂತೇಶನ ಕಡೆ ತಿರುಗಿ, ನೀವೇನಂತೀರಿ ಅಂದರು. ಅವನು ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದ. "ನಾ ಸಾಲಿ ಬಿಡಿಸಿದ್ದು ಹುಡುಗಿ ಮ್ಯಾಲಿನ ಸಿಟ್ಟಿಗಲ್ರಿ. ಹಾದಿ ಕೊಡ್ರಿ, ನಾ ಕಳಸ್ತೇನಿ. ಎಲ್ಲಾರ ಮುಂದ ಹೇಳಾಕತ್ತೇನಿ." ಟೊಪ್ಪಿಗೆ ಮತ್ತೆ ಹಾಕಿಕೊಂಡು ಕೂತ. ನಾನು ಅದನ್ನು ಅಕ್ಷರ ಬಿಡದೆ ನಡಾವಳಿಯಲ್ಲಿ ಬರೆದೆ. ಸಾರಾಂಶ ಸಾಕು ಅಂತ ನಿಯಮ. ಸಾರಾಂಶ ಬರೆಯಲು ನನಗೆ ಬರಲಿಲ್ಲ.

ಮುಂದಿನದು ಬೇಸರದ ಕಥೆ. ಅಂದಾಜು ತಿದ್ದುವುದಕ್ಕೆ ಮುಂದಿನ ತಿಂಗಳ ಅರ್ಧ ಹೋಯಿತು, ಕಡತ ಎರಡು ಸಲ ತಿರುಗಿ ಬಂತು. ಒಂದು ಸಲ ಸೇತುವೆಯ ಅಳತೆ ಇಲ್ಲವೆಂದು, ಇನ್ನೊಂದು ಸಲ ಪುಟಕ್ಕೆ ಸಂಖ್ಯೆ ಹಾಕಿಲ್ಲವೆಂದು. ದಿನಾ ಸಂಜೆ ಯಾವ ಮೇಜಿನ ಮೇಲಿದೆ ಅಂತ ನೋಡಿಕೊಂಡೇ ಮನೆಗೆ ಬರುತ್ತಿದ್ದೆ. ಕಡತ ಎಲ್ಲಿಗೆ ಬಂತು ಅಂತ ನೀನು ನನಗೆ ಫೋನ್ ಮಾಡಲು ಶುರು ಮಾಡಿದ್ದೂ ಆಗಲೇ. ಹಾಗಾಗಿ ನಿನ್ನೆ ಸಹಿಯಾದಾಗ ನನಗೆ ಮೊದಲು ಅನಿಸಿದ್ದು ಸಂತೋಷವಲ್ಲ, ಹಸಿವೆ. ಕುಬೇರಪ್ಪನವರು ಗಿರಮಿಟ್ಟು ತರಿಸಿದರು, ಎರಡು ಪ್ಲೇಟು ತಿಂದೆ.

ಫೋನಿನ ಕೊನೆಗೆ ನೀನು ಹೇಳಿದ್ದು ಇನ್ನೂ ಕಿವಿಯಲ್ಲಿದೆ. ಸಭೆ ಮುಗಿದ ವಾರದಿಂದಲೇ ಶಿವಗಂಗಾ ಸಾಲಿಗೆ ಹೋಗುತ್ತಿದ್ದಾಳೆ, ಹಾದಿಯಾಗುವ ತನಕ ಮಾಂತೇಶ ತಾನೇ ಬೈಕ್ ಮೇಲೆ ಬಿಟ್ಟು ಬರುತ್ತಾನೆ, ಹಿಂದಿನ ಸೀಟಿನಲ್ಲಿ ದಿನಾ ಇನ್ನೊಬ್ಬಳನ್ನೂ ಕೂಡಿಸಿಕೊಳ್ಳುತ್ತಾನೆ. ಇದನ್ನು ನೀನು ನನಗೆ ಎರಡು ತಿಂಗಳು ಹೇಳಿರಲಿಲ್ಲ. ಆದೇಶವಾಗುವ ಮೊದಲೇ ಹೇಳಿದರೆ ಕಡತ ಸಡಿಲಾದೀತು ಅಂತ ಹೆದರಿದ್ದಿ ಅಲ್ಲವೇ? ಗೊತ್ತು. ನಿನ್ನ ಜಾಗದಲ್ಲಿ ನಾನಿದ್ದರೂ ನನ್ನನ್ನು ನಂಬುತ್ತಿರಲಿಲ್ಲ.

ಕ್ಷಮಿಸು ಅಂತ ಬರೆದು ಹೊಡೆದು ಹಾಕಿದ್ದೇನೆ, ಮೇಲಿನ ಪುಟದಲ್ಲಿ ಕಾಣುತ್ತದೆ. ಆ ಮಾತಿಗೆ ನೀನು ಉತ್ತರ ಕೊಡಲೇಬೇಕಾಗುತ್ತದೆ, ಆ ಭಾರ ನಿನಗೆ ಬೇಡ. ನಿನಗೆ ಗೊತ್ತಾಯಿತಲ್ಲ, ನನಗೆ ಅಷ್ಟು ಸಾಕು. ಹೇಳದೆ ಇಟ್ಟುಕೊಂಡದ್ದು ಈಗ ಯಾವುದೂ ಉಳಿದಿಲ್ಲ. ಕಿಟಕಿಯಲ್ಲಿ ಬಿಸಿಲು ಬಂದಿದೆ, ಆಫೀಸಿಗೆ ಹೊತ್ತಾಯಿತು, ನನಗೆ ಅವಸರವೇ ಇಲ್ಲ.

ಬಸವಣ್ಣೆವ್ವಗೆ ನಾನು ಕೇಳಿದೆನೆಂದು ಹೇಳು. ಹಾದಿಗೆ ಹಾಸುವ ಗರಸು ಮೊದಲ ಲೋಡು ಬಂದು ಬಿದ್ದ ದಿನ ಒಂದು ಫೋಟೋ ಕಳಿಸು. ಕಾಂಟ್ರ್ಯಾಕ್ಟರನ ಮೇಲೆ ಕಣ್ಣಿಡು, ಒಂದು ಮಾರು ಅಂದರೆ ಒಂದು ಮಾರು, ನೀನೇ ಕೈ ಚಾಚಿ ಅಳೆ.

ನಿನ್ನ
ಶುಭಾ

ತಾ.ಕ.: ಹೇಳದೆ ಇಟ್ಟುಕೊಂಡದ್ದು ಯಾವುದೂ ಇಲ್ಲ ಅಂತ ಬರೆದೆನಲ್ಲ, ಒಂದಿದೆ. ನನಗೆ ನಮ್ಮೂರ ತಾಲೂಕು ಕುಂದಗೋಳಕ್ಕೆ ವರ್ಗವಾಗಿದೆ. ಡಿಸೆಂಬರ್ ಒಂದಕ್ಕೆ ಹಾಜರಾಗಬೇಕು. ಊರಿನ ಕಡತಕ್ಕೆ ಕೈ ಹಾಕಿದ್ದಕ್ಕೆ ಶಿಕ್ಷೆ ಅಂತ ಇಡೀ ಆಫೀಸು ನನ್ನನ್ನು ಸಮಾಧಾನ ಮಾಡುತ್ತಿದೆ, ಏಕನಾಥರು ಎರಡು ದಿನದಿಂದ ಸರಿಯಾಗಿ ಊಟ ಮಾಡಿಲ್ಲ. ಊರಿಗೆ, ಆ ಹಾದಿಗೆ ಹತ್ತಿರ ಇರಬೇಕಂತ ಅರ್ಜಿ ಬರೆದುಕೊಟ್ಟವಳು ನಾನೇ. ಅವರಿಗೆ ಇವತ್ತು ಸಂಜೆ ಹೇಳುತ್ತೇನೆ. ನಿನಗೆ ಮೊದಲು ಹೇಳಬೇಕೆನಿಸಿತು.